ಮೊಳೆ ನನ್ನದು ಸ್ವಾಮಿ

ಬೆಳಗಿನ ಐದೂವರೆ. ಬೀದಿಯಲ್ಲಿ ಬಸ್ಸು ಓಡಾಡಲು ಶುರುವಾಗುವ ಮೊದಲೇ ಮೊಳೆಯಕ್ಕ ಅಂಗಡಿಯ ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ. ಗಾಜಿನ ಮೇಲೆ ಸ್ಕೇಲಿಟ್ಟು, ಉಸಿರು ಬಿಗಿಹಿಡಿದು, ಕೊಯ್ಯುವ ಮೊನೆಯನ್ನು ಒಂದೇ ಸಲ ಸರ್ರನೆ ಎಳೆಯುತ್ತಾರೆ. ಟಕ್! ಹೇಳಿದ ಮಾತು ಕೇಳಿದ ಹಾಗೆ ಗಾಜು ಎರಡಾಗುತ್ತದೆ. “ಬಸ್ಸು ಬಂದ್ರೆ ಮೇಜು ನಡುಗುತ್ತೆ. ಏಳು ಗಂಟೆ ಮೇಲೆ ಯಾರು ಕಾಲು ಹಿಡಿದ್ರೂ ನಾನು ಗಾಜು ಮುಟ್ಟಲ್ಲ” ಅನ್ನುತ್ತಾರೆ.

ಚಿತ್ರಗಳಿಗೆ ಫ್ರೇಮ್ ಹಾಕುವುದು ಇವರ ಕಸುಬು. ಇಪ್ಪತ್ತಾರು ವರ್ಷವಾಯಿತು. ಗಂಡನ ಪಕ್ಕದಲ್ಲಿ ನಿಂತು ಕಲಿತರು. ಆತ ತೀರಿಕೊಂಡು ಒಂಬತ್ತು ವರ್ಷ, ಅಂಗಡಿ ಇವರೊಬ್ಬರದೇ. ಕೆಲಸವಿದ್ದಾಗ ದಿನಕ್ಕೆ ಐದು ಫ್ರೇಮ್, ಫ್ರೇಮಿಗೆ ಹನ್ನೆರಡು ಮೊಳೆ; ಬೀದಿಯವರ ಬಾಯಲ್ಲಿ ‘ಮೊಳೆಯಕ್ಕ’ ಆದದ್ದು ಹಾಗೆ. ಸುತ್ತಿಗೆ ಎಡಗೈಯಲ್ಲಿ. “ಎಡಚಿ ಎಡಚಿ ಅಂತ ನಮ್ಮತ್ತೆ ದಿನಾ ಆಡ್ಕೋತಿದ್ರು. ಕೊನೆಗೆ ಅವರ ಫೋಟೋಗೂ ಕಟ್ಟು ಹಾಕಿದ್ದು ಇದೇ ಕೈ!” ಎಂದು ಗಹಗಹಿಸುತ್ತಾರೆ.

ಆ ಎಡಗೈ ಈಗ ಕೋರ್ಟಿನ ಮಾತಾಗಿದೆ. ಊರಿನ ದೊಡ್ಡ ಗ್ಯಾಲರಿಯವನು ಒಂದು ಚಿತ್ರ ಮಾರಿದ. ಹೆಸರುವಾಸಿ ಕಲಾವಿದರದ್ದಂತೆ, ಅವರೇ ಕೈಯಾರೆ ಫ್ರೇಮ್ ಮುಚ್ಚಿದ್ದಂತೆ, ನಲವತ್ತು ವರ್ಷದಿಂದ ಬಿಚ್ಚೇ ಇಲ್ಲವಂತೆ! ಹಾಗೆಂದು ಬರೆದೂ ಕೊಟ್ಟ. ಕೊಂಡ ಡಾಕ್ಟರಮ್ಮ ಗಾಜು ಒರೆಸಿಕೊಡಿ ಎಂದು ಅದನ್ನು ಮೊಳೆಯಕ್ಕನ ಬಳಿ ತಂದರು. ಇವರು ತಿರುಗಿಸಿ, ಹಿಂದಿನ ಕಾಗದದ ಒಂದು ಮೂಲೆ ಎತ್ತಿ ಮೊಳೆ ನೋಡಿದವರೇ, “ಅಯ್ಯೋ, ಇದು ಹೋದ ವರ್ಷ ಆ ಗ್ಯಾಲರಿಗೇ ನಾನು ರಿಪೇರಿ ಮಾಡಿಕೊಟ್ಟ ಫ್ರೇಮು! ಆಗ ಒಳಗಿದ್ದದ್ದು ಕುದುರೆ ಚಿತ್ರ ಕಣಮ್ಮ” ಅಂದುಬಿಟ್ಟರು. ಬಲಗೈಯವರು ಹೊಡೆದ ಮೊಳೆ ಒಂದು ಕಡೆಗೆ ವಾಲಿದರೆ ಇವರದು ಇನ್ನೊಂದು ಕಡೆಗೆ ವಾಲುತ್ತದೆ. ಚಿತ್ರ ಬದಲಾಯಿಸಿದವನು ಜಾಣತನ ಮಾಡಿ, ಹೊಸ ತೂತು ಕಾಣಬಾರದೆಂದು ಅದೇ ಮೊಳೆಗಳನ್ನು ಅದೇ ತೂತಿಗೆ ವಾಪಸ್ ತುರುಕಿದ್ದ. ಅಲ್ಲೇ ಸಿಕ್ಕಿಬಿದ್ದ.

ಡಾಕ್ಟರಮ್ಮ ಕೇಸು ಹಾಕಿದರು. ಗ್ಯಾಲರಿಯಿಂದ ತಿಂಗಳಿಗೆ ಮೂವತ್ತು ಫ್ರೇಮ್ ಬರುತ್ತಿದ್ದದ್ದು ಅಂದಿಗೇ ನಿಂತುಹೋಯಿತು. ಬೇರೆ ಗ್ಯಾಲರಿಗಳೂ ಮುಖ ತಿರುಗಿಸಿದವು. ಒಂದು ದಿನ ಆ ದೊಡ್ಡ ಗ್ಯಾಲರಿಯ ಮ್ಯಾನೇಜರು ನಯವಾಗಿ ಬಂದು ಕೂತ. “ನೆನಪಿಲ್ಲ ಅಂತ ಒಂದು ಮಾತು ಹೇಳಿ ಸಾಕು. ಕೆಲಸ ಎಲ್ಲ ವಾಪಸ್ ನಿಮಗೇ.” ಮೊಳೆಯಕ್ಕನ ಜೊತೆಗೇ ಇರುವ ಅವರ ಅಕ್ಕನೂ ಕೈ ಮುಗಿದರು: “ದೊಡ್ಡವರ ಸಹವಾಸ ನಮಗ್ಯಾಕೆ? ಮರೆತೆ ಅಂದುಬಿಡೇ, ನಿನ್ನ ಗಂಟೇನು ಹೋಗುತ್ತೆ?”

“ಹೋಗೋದು ಇಪ್ಪತ್ತಾರು ವರ್ಷ ಕಣೇ. ನನ್ನ ಕೈಕೆಲಸ ನನಗೇ ಗುರುತು ಸಿಗಲ್ಲ ಅಂದ್ರೆ ನಾಳೆ ಯಾವ ಮುಖ ಇಟ್ಕೊಂಡು ಸುತ್ತಿಗೆ ಹಿಡೀಲಿ?” ಎಂದು ಅಕ್ಕನ ಬಾಯಿ ಮುಚ್ಚಿಸಿದರು. ಮ್ಯಾನೇಜರನಿಗೆ ಬಾಗಿಲು ತೋರಿಸಿದರು.

ಹೋದ ವಾರ ಸಾಕ್ಷಿ. ಜಡ್ಜ್ ಎದುರಿಗೇ ಫ್ರೇಮಿನ ಹಿಂದಿನ ಕಾಗದ ಪೂರ್ತಿ ಹರಿದಾಗ ಹನ್ನೆರಡೂ ಮೊಳೆ ಎಡಗೈ ಹೊಡೆತದ ಕಡೆಗೇ ವಾಲಿ ನಿಂತಿದ್ದವು. ಗ್ಯಾಲರಿಯ ವಕೀಲರು ತುಟಿ ಕೊಂಕಿಸಿ ಕೇಳಿದರು: “ಕಲೆ ಬಗ್ಗೆ ನಿಮಗೇನಮ್ಮ ಗೊತ್ತು?”

“ಏನೂ ಗೊತ್ತಿಲ್ಲ ಸ್ವಾಮಿ. ಚಿತ್ರ ಯಾರದ್ದೋ, ಮೊಳೆ ಮಾತ್ರ ನನ್ನದು.”

ವಕೀಲರು ಬಿಡಲಿಲ್ಲ. ಅಂಗಡಿಯ ಲೈಸೆನ್ಸ್ ಇನ್ನೂ ಗಂಡನ ಹೆಸರಲ್ಲೇ ಇದೆ, ಈಕೆ ಬರೀ ಮನೆಯಾಕೆ, ಈಕೆಯ ಮಾತಿಗೆ ಬೆಲೆಯಿಲ್ಲ ಎಂದು ವಾದಿಸಿದರು. ಹೇಳಿಕೆ ಬರೆದುಕೊಂಡ ಗುಮಾಸ್ತರೂ ಉದ್ಯೋಗದ ಜಾಗದಲ್ಲಿ ‘ಗೃಹಿಣಿ’ ಎಂದೇ ಟೈಪ್ ಮಾಡಿದ್ದರು. ಸಹಿ ಹಾಕಲು ಕೊಟ್ಟ ಪೆನ್ನನ್ನು ಮೊಳೆಯಕ್ಕ ಮೇಜಿನ ಮೇಲಿಟ್ಟುಬಿಟ್ಟರು.

“ಊಟದ ಹೊತ್ತಾಯ್ತು, ಬೇಗ ಸಹಿ ಹಾಕಮ್ಮ ಅಂತ ಗುಮಾಸ್ತರು ಗದರಿದ್ರು. ನನಗೆ ಹಸಿವಿಲ್ಲ ಅಂದೆ. ಜಡ್ಜ್ ಸಾಹೇಬ್ರು ಕನ್ನಡಕ ತೆಗೆದು ನನ್ನೇ ನೋಡಿದ್ರು. ಆದ್ರೂ ಕದಲಲಿಲ್ಲ.”

ತೀರ್ಪು ಇನ್ನೂ ಬಂದಿಲ್ಲ. ಗ್ಯಾಲರಿಗಳ ಕೆಲಸವೂ ಬಂದಿಲ್ಲ. ಇವತ್ತು ಮೇಜಿನ ಮೇಲಿರುವುದು ಯಾರದೋ ಮದುವೆ ಫೋಟೋ, ಒಂದೇ ಒಂದು.

“ಬರದಿದ್ರೆ ಬೇಡ ಬಿಡಿ. ಕಡೆಗೂ ಆ ಗುಮಾಸ್ತರು ಹಾಳೆ ಬದಲಾಯಿಸಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಿದ್ರು: ಸಾಕ್ಷಿಯ ಉದ್ಯೋಗ, ಫ್ರೇಮ್ ಕೆಲಸ. ಇನ್ನೊಂದು ಸಲ ಓದಿ ಅಂದೆ. ಓದಿದ್ರು. ಆಮೇಲೇ ಪೆನ್ನು ಮುಟ್ಟಿದ್ದು.”