ಸೋಮವಾರದ ಕೋಬಿ ಪಲ್ಯ

ನಮ್ಮ ಅತ್ತೆ ಪ್ರತಿ ಸೋಮವಾರ ಒಂದೇ ಮಾತು ಹೇಳುತ್ತಿದ್ದರು. ತಟ್ಟೆಯ ಅಂಚಿನಲ್ಲಿ ಬಡಿಸಿದ ಕೋಬಿ ಪಲ್ಯವನ್ನು ಚೂರು ಬಾಯಿಗಿಟ್ಟು, "ಅಡ್ಡಿಲ್ಲ. ಆದ್ರೆ ನಿನ್ನ ಅಮ್ಮ ಮಾಡಿದ ಹಾಗೆ ಆಗ್ಲಿಲ್ಲ" ಎನ್ನುತ್ತಿದ್ದರು. ಬೈಗುಳವಲ್ಲ, ಕೊಂಕೂ ಅಲ್ಲ. ಬೈದಿದ್ದರೆ ತಿರುಗಿ ಒಂದು ಮಾತು ಆಡಿ ಹಗುರಾಗಬಹುದಿತ್ತು. ಮದುವೆಯಾಗಿ ಕುಮಟೆಗೆ ಬಂದ ಮೊದಲ ವಾರದಿಂದ ಅದನ್ನು ಕೇಳಿ ಕೇಳಿ ನಾನು ದಣಿದಿದ್ದೆ. ಭಾನುವಾರ ಸಂಜೆಯೇ ಮೈ ಭಾರವಾಗತೊಡಗುತ್ತಿತ್ತು.

ಎಲೆಕೋಸಿಗೆ ನಮ್ಮ ಕಡೆ ಕೋಬಿ ಎನ್ನುತ್ತಾರೆ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಬಿಳಿ ಕೋಬಿಯೇ. ಅದು ಕೆಂಪಾಗುವುದು ನಮ್ಮ ಒಲೆಯ ಮೇಲೆ. ದಪ್ಪಗೆ ಹೆಚ್ಚಿ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಹುಳಿಗೆ ಒಣಗಿದ ಮುರುಗಲ ಹಣ್ಣಿನ ಸಿಪ್ಪೆ, ಬೆಲ್ಲದ ಚೂರು, ಬ್ಯಾಡಗಿ ಮೆಣಸು ಹಾಕಿ ಅರೆದ ಕಾಯಿ ಸೇರಿಸಿ, ಗಡಿಗೆಯ ಬಾಯಿಗೆ ತಟ್ಟೆ ಮುಚ್ಚಿ, ಆ ತಟ್ಟೆಯಲ್ಲಿ ನೀರು ಹೊಯ್ದು, ಕೆಂಡದ ಮೇಲೆ ಬಿಟ್ಟುಬಿಡಬೇಕು. ಸೌಟು ಆಡಿಸಬಾರದು, ಗಡಿಗೆಯನ್ನೇ ಬಟ್ಟೆಯಲ್ಲಿ ಹಿಡಿದು ಕುಲುಕಬೇಕು. ಮುರುಗಲು ಬಣ್ಣ ಬಿಟ್ಟು, ಕೋಬಿ ಮೆತ್ತಗಾಗಿ ಹುಳಿ ಸಿಹಿ ಎರಡನ್ನೂ ಕುಡಿದು ಕೆಂಪಗೆ ಇಳಿಯುತ್ತದೆ. ಅಡಿಗೆ ಬಲ್ಲವರಿಗೆ ಗೊತ್ತಾಗಿರಬಹುದು, ಇದು ತರಕಾರಿ ಬೇಯಿಸುವ ಕ್ರಮವಲ್ಲ, ಬಂಗಡೆ ಮೀನು ಬೇಯಿಸುವ ಕ್ರಮ.

ಅದಕ್ಕೆ ಕಾರಣ ನನ್ನ ಅಮ್ಮ. ಅವಳು ಹೊನ್ನಾವರದಲ್ಲಿ ಬುಟ್ಟಿ ಹೊತ್ತು ಮೀನು ಮಾರುವವಳು. ತರಕಾರಿ ಎಂದರೆ ಅವಳ ಲೆಕ್ಕದಲ್ಲಿ ಮೀನು ಸಿಗದ ದಿನದ ಮೀನು. ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಗಂಡು ಹುಡುಕುತ್ತಿದ್ದರು. ನೋಡಲು ಬಂದವರೆಲ್ಲ ಮೀನೂಟ ಉಂಡು, ಹೊಗಳಿ, ತಿಳಿಸುತ್ತೇವೆ ಎಂದು ಹೋದವರು ತಿಳಿಸಿರಲಿಲ್ಲ. ಸೀರೆ ಉಟ್ಟು ಕೂತು ಏಳುವುದು ನನಗೆ ಸಾಕಾಗಿತ್ತು, ಬಡಿಸಿ ಬಡಿಸಿ ಅಮ್ಮನಿಗೂ ಸಾಕಾಗಿತ್ತು. ಆಗ ಕುಮಟೆಯಿಂದ ಶಾಲಾ ಮಾಸ್ತರರೊಬ್ಬರು ಹೆಂಡತಿ, ಮಗನೊಂದಿಗೆ ಬರುತ್ತೇವೆಂದು ಹೇಳಿ ಕಳಿಸಿದರು. ಅವರಿಗೆ ರಜೆ ಸಿಕ್ಕಿದ್ದು ಒಂದು ಸೋಮವಾರ. ಸೋಮವಾರ ಈಶ್ವರನ ದಿನ, ಮಾಸ್ತರರಿಗೆ ಮೀನಿನ ಗಾಳಿಯೂ ತಾಗಬಾರದು.

ನಮ್ಮ ಮನೆಯಲ್ಲೂ ಸೋಮವಾರಕ್ಕೆಂದು ಬೇರೆ ಮಣ್ಣಿನ ಗಡಿಗೆ ಇತ್ತು. ಅದು ಆ ಬೆಳಿಗ್ಗೆಯೇ ಒಲೆಯ ಮೇಲೆ ಟಪ್ಪೆಂದು ಬಿರುಕು ಬಿಟ್ಟಿತು. ದೊಡ್ಡ ಅಲ್ಯುಮಿನಿಯಂ ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು. ಉಳಿದದ್ದು ಮೀನಿನ ಗಡಿಗೆ ಒಂದೇ, ವರ್ಷಗಟ್ಟಲೆ ಬಂಗಡೆ, ತಾರ್ಲೆ ಕುದಿದು ಒಳಗೆಲ್ಲ ಕಪ್ಪಾಗಿದ್ದದ್ದು. ಅಮ್ಮ ಅದನ್ನು ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದಳು, ಬೆಂಕಿಯ ಮೇಲೆ ಬೋರಲು ಹಾಕಿದಳು, ಮೂಸಿ ನೋಡಿದಳು, ಮತ್ತೆ ತಿಕ್ಕಿದಳು. ನಾನು ಬೇಡವೆಂದೆ.

"ಈಶ್ವರನಿಗೆ ನಮ್ಮ ಕಷ್ಟ ಗೊತ್ತದೆ. ಬೀಗರಿಗೆ ಗೊತ್ತಾಗ್ದಿದ್ರೆ ಆತು" ಎಂದು ಅಮ್ಮ ಕೋಬಿ ಸುರಿದಳು.

ಅವರು ಊಟಕ್ಕೆ ಕೂತಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾಸ್ತರರು ನಶ್ಯ ಏರಿಸಿ ಏರಿಸಿ ಮೂಗು ಕೆಡಿಸಿಕೊಂಡವರು. ಅವರಿಗೆ ಏನೂ ತಿಳಿಯಲಿಲ್ಲ. ಹುಡುಗ ನನ್ನನ್ನು ಇಣುಕಿ ನೋಡುವುದರಲ್ಲೇ ಇದ್ದ. ಮಾಸ್ತರರ ಹೆಂಡತಿ ಮಾತ್ರ ಮೊದಲ ತುತ್ತಿಗೇ ಕೈ ನಿಲ್ಲಿಸಿದರು. ಆಮೇಲೆ ಅವರು ತಲೆ ತಗ್ಗಿಸಿ, ಯಾರನ್ನೂ ನೋಡದೆ ಆ ಪಲ್ಯವನ್ನೇ ಉಂಡರು. ಮತ್ತೆ ಮತ್ತೆ ಹಾಕಿಸಿಕೊಂಡರು. ಏಳುವಾಗ "ಇದನ್ನ ಹುಡುಗಿಗೆ ಕಲಿಸಿದೀರಾ?" ಎಂದು ಅಮ್ಮನನ್ನು ಕೇಳಿದರು. ಕಲಿಸಿದ್ದೇನೆ ಎಂದಳು ಅಮ್ಮ. ಆ ವಾರವೇ ಒಪ್ಪಿಗೆ ಬಂತು.

ಹೀಗೆ ಒಂದು ಗಡಿಗೆಯಿಂದ ನನ್ನ ಮದುವೆಯಾಯಿತು. ಮುಂದಿನದನ್ನು ಅನುಭವಿಸಿದವಳು ನಾನು. ಮಾವನ ಮನೆಯಲ್ಲಿ ಸೋಮವಾರದ ಪಾತ್ರೆಗಳು ಒಳಗಿನ ನಾಗಂದಿಗೆಯ ಮೇಲೆ, ಮೀನಿನವು ಹಿತ್ತಲ ಜಗಲಿಯಲ್ಲಿ. ಒಳಗಿನ ಶುದ್ಧ ಗಡಿಗೆಯಲ್ಲಿ ಅಮ್ಮನ ಪಲ್ಯದ ರುಚಿ ಎಲ್ಲಿಂದ ಬರಬೇಕು? ಮುರುಗಲು ಹೆಚ್ಚು ಹಾಕಿದೆ, ಬೆಲ್ಲ ಹೆಚ್ಚು ಹಾಕಿದೆ, ಇನ್ನಷ್ಟು ಹೊತ್ತು ಕೆಂಡದ ಮೇಲೆ ಬಿಟ್ಟೆ. ನಿಜ ಹೇಳೋಣವೆಂದರೆ ಅಮ್ಮನ ಮಾನ ಹೋಗುತ್ತದೆ, ಸುಮ್ಮನಿರೋಣವೆಂದರೆ ಮತ್ತೊಂದು ಸೋಮವಾರ ಬರುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಒಂದು ಪಲ್ಯಕ್ಕೆ ಇಷ್ಟೆಲ್ಲ ಎಂತಕ್ಕೆ?" ಎಂದರು ನನ್ನ ಗಂಡ. ಅಡಿಗೆಮನೆಗೆ ಕಾಲಿಡದವರಿಗೆ ಎಲ್ಲವೂ ಒಂದು ಪಲ್ಯವೇ. ತವರಿಗೆ ಹೋದಾಗ ಅಮ್ಮನನ್ನು ಬೇರೆ ಉಪಾಯ ಕೇಳಿದೆ. ಬುಟ್ಟಿ ಇಳಿಸಿ ಕಾಲು ನೀಡಿ ಕೂತಿದ್ದ ಅವಳು "ಬೇರೆ ಎಂತ ಇಲ್ಲ ಮಗಾ, ಎಲ್ಲ ಆ ಗಡಿಗೆದೇ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮಕ್ಕಳಾದರು, ಮನೆಗೆ ಗ್ಯಾಸ್ ಒಲೆ ಬಂತು. ಕೋಬಿಗೆ ಮಾತ್ರ ಕೆಂಡವೇ ಆಗಬೇಕು. ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಮಳೆಗಾಲದಲ್ಲಿ ಅತ್ತೆಯ ಮೊಣಕಾಲುಗಳು ಬಾತುಕೊಂಡು ಅವರು ಮಂಚ ಹಿಡಿದರು. ಎತ್ತುವುದು, ಕೂರಿಸುವುದು, ಮೀಯಿಸುವುದು ಎಲ್ಲ ನನ್ನ ಪಾಲಿಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದದ್ದು ನನಗಂತೂ ಕಾಣಲಿಲ್ಲ. ಒಂದು ಸೋಮವಾರ ಹಸಿ ಸೌದೆಯ ಹೊಗೆ ಕುಡಿದು, ಸೊಂಟ ಹಿಡಿದುಕೊಂಡು ಅವರ ತಟ್ಟೆ ಒಯ್ದೆ. ಅವರು ಚೂರು ಬಾಯಿಗಿಟ್ಟರು. "ಅಡ್ಡಿಲ್ಲ. ಆದ್ರೆ..."

"ಆಗೂದಿಲ್ಲ ಅತ್ತೆ" ಎಂದೆ. ದನಿ ನನಗೇ ಗುರುತು ಸಿಗದಷ್ಟು ಒರಟಾಗಿತ್ತು. "ಯಾವತ್ತೂ ಆಗೂದಿಲ್ಲ. ಅವತ್ತು ಅಮ್ಮ ಮೀನಿನ ಗಡಿಗೆಲಿ ಮಾಡಿದ್ದು. ಸೋಮವಾರದ ದಿನ ನಿಮಗೆ ಮೀನಿನ ಗಡಿಗೆದು ಉಣ್ಸಿದ್ದು. ಬೈಯೂದಿದ್ರೆ ಬೈದುಬಿಡಿ. ನಂಗೆ ಸಾಕಾತು."

ಅತ್ತೆ ಬಾಗಿಲ ಕಡೆ ನೋಡಿದರು. ಮಾವ ಹೊರಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಗೊತ್ತದೆ" ಎಂದರು ಮೆಲ್ಲಗೆ. "ನಾನು ಭಟ್ಕಳದ ದೋಣಿಯವ್ರ ಮನೆ ಮಗಳು. ಬಂಗಡೆ ಗಡಿಗೆ ವಾಸನೆ ನಂಗೆ ಗೊತ್ತಾಗೂದಿಲ್ವಾ? ನಮ್ಮಲ್ಲಿ ಸೋಮವಾರ ಗೀಮವಾರ ಎಂತದೂ ಇರ್ಲಿಲ್ಲ. ಇದ್ದದ್ದು ಒಂದೇ ಗಡಿಗೆ. ಮೀನು ಇಲ್ಲದ ದಿನ ನನ್ನ ಅಮ್ಮನೂ ಅದ್ರಲ್ಲೇ ಎಂತಾರೂ ಬೇಯ್ಸ್ತಿದ್ಲು. ಇಲ್ಲಿಗೆ ಬಂದಮೇಲೆ ಆ ರುಚಿ ಸಿಕ್ಕಿದ್ದು ಒಂದೇ ಸಲ, ನಿಮ್ಮ ಮನೆಲಿ."

"ಮತ್ತೆ ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?"

"ಬಾಯಿಬಿಟ್ಟು ಹೇಳಿದ್ರೆ ನಿನ್ನ ಅಮ್ಮನ ಮರ್ಯಾದೆ ಎಂತ ಆಗ್ತಿತ್ತು ತಂಗಿ? ಅದ್ಕೇ ವಾರ ವಾರ ಹೇಳ್ತಾ ಬಂದೆ, ಅಮ್ಮ ಮಾಡಿದ ಹಾಗೆ ಆಗ್ಲಿಲ್ಲ ಅಂತ. ನೀನು ಬೆಲ್ಲ ಹೆಚ್ಚು ಹಾಕ್ತಾ ಬಂದೆ."

ನನಗೆ ಅಳು ಬಂತು. ಅದರ ಬೆನ್ನಿಗೆ ಸಿಟ್ಟೂ ಬಂತು. ಇಷ್ಟು ವರ್ಷ ಹುಳುಕು ಹುಡುಕುತ್ತಿದ್ದಾರೆ ಎಂದುಕೊಂಡಿದ್ದೆ, ಅವರು ಬೇಡುತ್ತಿದ್ದರು. ಆ ಮನೆಯಲ್ಲಿ ಅವರು ಯಾರಿಂದಲೂ ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ, ಆದ್ದರಿಂದಲೇ ಬೇಡುವ ದನಿ ಹೇಗಿರುತ್ತದೆಂದು ನನಗೆ ತಿಳಿಯಲಿಲ್ಲ.

ಮುಂದಿನ ಸೋಮವಾರ ಒಲೆಯ ಮೇಲೆ ಎರಡು ಗಡಿಗೆ ಇಟ್ಟೆ. "ಅವ್ರ ಸೋಮವಾರ ಅವ್ರಿಗಿರ್ಲಿ, ಅವ್ರಿಗೆ ಬೇರೆ ಮಾಡು" ಎಂದು ಅತ್ತೆಯೇ ಹೇಳಿದ್ದರು. ಮಾವನದು ನಾಗಂದಿಗೆಯ ಗಡಿಗೆಯಲ್ಲಿ, ಅತ್ತೆಯದು ಹಿತ್ತಲಿಂದ ತಂದ ಮೀನಿನ ಗಡಿಗೆಯಲ್ಲಿ. ಅದನ್ನು ಬೂದಿ ಹಾಕಿ ತಿಕ್ಕಲಿಲ್ಲ, ನೀರಿನಲ್ಲಿ ಗಲಬರಿಸಿದೆ ಅಷ್ಟೇ. ಅತ್ತೆ ಬೆಕ್ಕು ಹಾಲು ಕುಡಿದಂತೆ ಕಣ್ಣು ಮುಚ್ಚಿ ಉಂಡರು. ಬೆರಳು ನೆಕ್ಕಿ, ತಟ್ಟೆಯನ್ನು ನನ್ನ ಕಡೆ ಸರಿಸಿ, "ಆತು" ಎಂದರು. ಅಡ್ಡಿಲ್ಲ ಎನ್ನಲಿಲ್ಲ, ಅಮ್ಮನ ಮಾತೂ ತೆಗೆಯಲಿಲ್ಲ. ನಾನು ಎರಡು ಗಡಿಗೆಗಳನ್ನೂ ಹಿತ್ತಲಿಗೆ ಒಯ್ದು, ಬೇರೆ ಬೇರೆ ತೊಳೆದು, ಬೇರೆ ಬೇರೆ ಜಾಗದಲ್ಲಿ ಬೋರಲು ಹಾಕಿದೆ.