ಸೇತುವೆ ಸೀನಿಗೆ ಚಪ್ಪಲಿ ಬಿಡುವವರು

ಹೋದ ಭಾನುವಾರ ಮಧ್ಯಾಹ್ನ ನಾನು ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದು ಕಾಲಿಗೆ ಯಾರದೋ ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಬಾಗಿಲು ತೆಗೆದ ನಮ್ಮ ಮನೆಯವರು ಕೆಳಗೆ ನೋಡಿದರು, ಮೇಲೆ ನೋಡಿದರು, ಏನೂ ಕೇಳದೆ ಒಳಗೆ ಹೋದರು. (ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡಸರು ಕಲಿಯುವ ಏಕೈಕ ವಿದ್ಯೆ ಅದು.) ನಾನು ಮದುವೆ ಮನೆಗೆ ಹೋಗಿರಲಿಲ್ಲ, ದೇವಸ್ಥಾನಕ್ಕೂ ಹೋಗಿರಲಿಲ್ಲ. ಅಭಿಮಾನಿಗಳ ಸಂಘದ ತುರ್ತು ಸಭೆಗೆ ಹೋಗಿದ್ದೆ.

ನಗಬೇಡಿ. ನಾನು ಯಾವ ನಟನ ಅಭಿಮಾನಿಯೂ ಅಲ್ಲ ಎನ್ನುವುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತು. ಅದಕ್ಕಾಗಿ ನಿಮ್ಮಿಂದ ಸಾಕಷ್ಟು ಬೈಸಿಕೊಂಡಿದ್ದೇನೆ ಕೂಡ. ಆದರೂ ಹೋಗಬೇಕಾಯಿತು, ಏಕೆಂದರೆ ನಮ್ಮ ಮಹಡಿಯ ಮನೆಯಲ್ಲಿ ವೀರಭದ್ರ ಇದ್ದಾನೆ.

ವೀರಭದ್ರ ರಾಣೆಬೆನ್ನೂರಿನವನು. ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ವಾರದ ಐದೂವರೆ ದಿನ ಅಡ್ಮಿಷನ್, ಫೀಸು, ಬೋನಫೈಡ್ ಸರ್ಟಿಫಿಕೇಟ್ ಎಂದು ಮುಖ ಗಂಟು ಹಾಕಿಕೊಂಡಿರುವ ಈ ಮನುಷ್ಯ ಉಳಿದ ಹೊತ್ತಿನಲ್ಲಿ ಟಿವಿಯ ಕಾಮಿಡಿ ಷೋ ಒಂದರಲ್ಲಿ ನಟಿಸುತ್ತಾನೆ. ಹೆಚ್ಚಾಗಿ ಹಿಂದಿನ ಸಾಲಿನ ಪೊಲೀಸ್, ಹೆಣದ ಪಕ್ಕ ಹಿಂದಿನ ಸಾಲಿನಲ್ಲಿ ಅಳುವವನು, ಹೀಗೆ. ಈ ಸಲ ಮೊದಲ ಬಾರಿಗೆ ಹೀರೋ ಪಾತ್ರ ಸಿಕ್ಕಿತ್ತು. ಸಿಕ್ಕಿದ್ದೇ ತಪ್ಪಾಯಿತು.

ಆ ಎಪಿಸೋಡು ಒಂದು ಹಳೆಯ ಸಾಹಸ ಚಿತ್ರದ ಅಣಕ. ಯಾವ ಚಿತ್ರ, ಯಾವ ನಟ ಎಂದು ನಾನು ಬರೆಯುವುದಿಲ್ಲ. ಬರೆದರೆ ಅಭಿಮಾನಿಗಳು ಫೋನ್ ಮಾಡಿ ಬೈಯುತ್ತಾರೆ, ಬರೆಯದಿದ್ದರೂ ಬೈಯುತ್ತಾರೆ. ಬರೆಯದೆ ಬೈಸಿಕೊಂಡರೆ ಬರೆಯುವ ಶ್ರಮವಾದರೂ ಉಳಿಯುತ್ತದೆ. ಸದ್ಯಕ್ಕೆ ಆ ನಟರನ್ನು ಧಣಿ ಎನ್ನೋಣ, ನಮ್ಮ ಅಟ್ಟೂರಿನವರು ಕರೆಯುವುದೂ ಹಾಗೆಯೇ.

ಕಾಡು, ನಿಧಿ, ಕುದುರೆ, ಗುಹೆ, ಕೊನೆಗೆ ಒಂದು ಹಗ್ಗದ ಸೇತುವೆ. ಆ ಸೇತುವೆ ದಾಟುವ ಮುಂಚೆ ಧಣಿ ನಿಲ್ಲುತ್ತಾರೆ, ಚಪ್ಪಲಿ ಬಿಡುತ್ತಾರೆ, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಾಡು ತಾಯಿ, ತಾಯಿಯ ಮೈಮೇಲೆ ಚಪ್ಪಲಿಗಾಲಿನಲ್ಲಿ ನಡೆಯಬಾರದು ಎಂದು ಅವರ ನಂಬಿಕೆ. ಹಿಂದೆಯೇ ಖಳರು ಕತ್ತಿ ಹಿಡಿದು ಓಡಿ ಬರುತ್ತಿರುತ್ತಾರೆ. ಧಣಿಗೆ ಅವಸರವಿಲ್ಲ.

ಆ ಸೀನು ಬಂದಾಗ ಥಿಯೇಟರಿನಲ್ಲಿ ಕುಳಿತ ಅಭಿಮಾನಿಗಳೂ ಚಪ್ಪಲಿ ಬಿಡುತ್ತಾರೆ. ಬಾಲ್ಕನಿಯಿಂದ ಹಿಡಿದು ಗಾಂಧಿ ಕ್ಲಾಸಿನವರೆಗೆ. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಚಿತ್ರ ರೀ-ರಿಲೀಸ್ ಆದಾಗಲೆಲ್ಲ ಇದು ನಡೆಯುತ್ತದೆ. ಧಣಿ ಆಚೆ ದಡ ಮುಟ್ಟಿದ ಮೇಲೆ ಕತ್ತಲಲ್ಲಿ ನೂರಾರು ಕಾಲುಗಳು ಚಪ್ಪಲಿ ಹುಡುಕುತ್ತವೆ. ಆ ಚಿತ್ರ ನೋಡಿ ತನ್ನದೇ ಜೋಡಿಯಲ್ಲಿ ಮನೆಗೆ ಬಂದವನು ನಿಜವಾದ ಅಭಿಮಾನಿಯೇ ಅಲ್ಲ ಎಂಬ ಮಾತು ನಮ್ಮ ಕಡೆ ಇದೆ.

ಈಗ ಅಣಕಕ್ಕೆ ಬನ್ನಿ. ಷೋದವರು ಹಗ್ಗದ ಸೇತುವೆಯನ್ನು ಗೊರಗುಂಟೆಪಾಳ್ಯದ ಸ್ಕೈವಾಕ್ ಮಾಡಿದ್ದರು. ನಿಧಿಯ ಪೆಟ್ಟಿಗೆ ಬದಲು ಮಿಕ್ಸಿಯ ರಟ್ಟಿನ ಡಬ್ಬ. ನಮ್ಮ ವೀರಭದ್ರ ತುಮಕೂರು ರಸ್ತೆಯ ಆಚೆ ಬದಿಗೆ ಹೋಗಿ ಬಸ್ ಹಿಡಿಯಬೇಕು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ನೆಲ ಮುಟ್ಟಿ, ಕಾಂಕ್ರೀಟ್ ಸೇತುವೆಯ ಮೇಲೆ ಓಲಾಡುತ್ತಾ ದಾಟುತ್ತಾನೆ. ಆಚೆ ಹೋಗುವಷ್ಟರಲ್ಲಿ ಬಸ್ ಹೋಗಿರುತ್ತದೆ. ವಾಪಸ್ ಬಂದರೆ ಚಪ್ಪಲಿಯೂ ಹೋಗಿರುತ್ತದೆ.

ಅಷ್ಟೇ. ಗೊರಗುಂಟೆಪಾಳ್ಯದಲ್ಲಿ ದಿನಾ ಬಸ್ಸಿಗೆ ಕಾಯುವವರಿಗೆ ಇದು ಅಣಕವಲ್ಲ, ವಾರ್ತೆ.

ಆದರೆ ಪ್ರೋಮೋ ಬಂದದ್ದೇ ತಡ, ಧಣಿಯ ಅಭಿಮಾನಿ ಸಂಘದ ಅಟ್ಟೂರು ಘಟಕದ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿತ್ತು. (ನಾನು ಆ ಗ್ರೂಪಿನಲ್ಲಿ ಹೇಗಿದ್ದೇನೆ? ಒಂದು ರಕ್ತದಾನ ಶಿಬಿರಕ್ಕೆಂದು ಸೇರಿಸಿದರು. ಸೇರುವುದು ಸುಲಭ, ಬಿಟ್ಟರೆ 'ಲೆಫ್ಟ್' ಎಂದು ಎಲ್ಲರಿಗೂ ತೋರಿಸುತ್ತದಲ್ಲ, ಹಾಗಾಗಿ ಇದ್ದೇನೆ.)

ಧಣಿಯ ಪಾದಕ್ಕೆ ಅವಮಾನ ಎಂದರು ಒಬ್ಬರು. ಪಾದಕ್ಕಲ್ಲ, ಕಾಡಿಗೆ ಎಂದರು ಇನ್ನೊಬ್ಬರು. ಕಾಮಿಡಿಯನ್ನು ಕಾಮಿಡಿಯಾಗಿ ನೋಡಿ ಗುರು ಎಂದವನಿಗೆ ನೀನು ಯಾವ ನಟನ ಕಡೆಯವನು ಮಗಾ ಎಂಬ ವಿಚಾರಣೆ ಆಯಿತು. ಒರಿಜಿನಲ್‌ನಲ್ಲಿ ಮೊದಲು ಬಿಡುವುದು ಎಡಗಾಲಿನ ಚಪ್ಪಲಿಯೋ ಬಲಗಾಲಿನದೋ ಎಂದು ಒಂದು ಉಪಯುದ್ಧ ಅರ್ಧ ದಿನ ನಡೆಯಿತು. ಮೈನಸ್ ಐದು ಸ್ಟಾರ್ ಕೊಟ್ಟವರೂ ಇದ್ದರು. ಅದೇ ಗ್ರೂಪಿನಲ್ಲಿರುವ ನಮ್ಮ ಮನೆಯವರು ಎಲ್ಲ ಮೆಸೇಜಿಗೂ, ಎರಡೂ ಕಡೆಯವರಿಗೂ ಥಂಬ್ಸ್ ಅಪ್ ಒತ್ತಿದರು. ಇಂಥವರಿಂದಲೇ ಲೋಕ ನಡೆಯುತ್ತಿದೆ.

ನಾನು ಕಡಲೆಕಾಯಿ ತಿನ್ನುತ್ತಾ ಓದಿ ಮಜಾ ತೆಗೆದುಕೊಳ್ಳುತ್ತಿದ್ದೆ. ನಮಗೇನು? ಆಗ ವೀರಭದ್ರನ ಹೆಂಡತಿ ಶಕುಂತಲಾ ಕೆಳಗಿಳಿದು ಬಂದಳು.

ಸಂಘದವರು ಕ್ಷಮೆಯಾಚನೆಯ ವಿಡಿಯೋ ಕೇಳಿದ್ದಾರಂತೆ. ಕೊಡದಿದ್ದರೆ ಭಾನುವಾರದ ಸಭೆಯಲ್ಲಿ ವೀರಭದ್ರನನ್ನು ಸಂಘದಿಂದ ತೆಗೆದುಹಾಕುತ್ತಾರಂತೆ. ಅವನು ಕೊಡುವುದಿಲ್ಲ ಎಂದಿದ್ದಾನಂತೆ. ಅಲ್ಲಿಯವರೆಗೂ ನನಗೆ ನಗು ಬರುತ್ತಲೇ ಇತ್ತು.

"ಅಕ್ಕಾರ, ಇವ್ರು ಊಟಾನೂ ಸರೀಗೆ ಮಾಡವಲ್ರು," ಎಂದಳು ಶಕುಂತಲಾ. "ಸಂಘದಾಗಿಂದ ತೆಗೆದ್ರ ಬೆಂಗಳೂರಾಗ ನಮಗ ಏನೈತಿ, ಊರಿಗೇ ಹೋಗಿಬಿಡೂಣು ಅನ್ನಾಕತ್ತಾರ."

ಒಂದು ಅಭಿಮಾನಿ ಸಂಘಕ್ಕೋಸ್ಕರ ಊರು ಬಿಡುವುದೇ? ನಿಮ್ಮ ಹಾಗೆ ನನಗೂ ಹಾಗೇ ಅನಿಸಿತು. ಆದರೆ ವೀರಭದ್ರ ಈ ಊರಿಗೆ ಬಂದಾಗ ಇಲ್ಲಿ ಅವನಿಗೆ ಒಂದು ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಆಟೋ ಸ್ಟ್ಯಾಂಡಿನ ಪಕ್ಕದಲ್ಲಿ ಧಣಿಯ ಕಟೌಟ್ ಕಂಡು ಸುಮ್ಮನೆ ಹೋಗಿ ನಿಂತನಂತೆ. ಸಂಘದ ಅಧ್ಯಕ್ಷ ಗಂಗಾಧರಪ್ಪ ಕಾಫಿ ಕೊಡಿಸಿದರು. ಬಾಡಿಗೆ ಮನೆ ಹುಡುಕಿಕೊಟ್ಟರು. ನಮ್ಮ ಮನೆಗೆ ಅವನನ್ನು ಕರೆತಂದವರೂ ಅವರೇ, ಒಳ್ಳೇ ಹುಡುಗ ಕಣಮ್ಮ, ನಂದು ಗ್ಯಾರಂಟಿ ಎಂದು. ಬೆಂಗಳೂರಿನಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದರೆ ವೀರಭದ್ರ ಈಗಲೂ ಹೇಳುವುದು, ಸಂಘ ಐತ್ರಿ ಎಂದೇ.

ಪ್ರತಿ ವರ್ಷ ಧಣಿಯ ಹುಟ್ಟುಹಬ್ಬದ ದಿನ ಏಣಿ ಹತ್ತಿ ಕಟೌಟಿಗೆ ಹಾರ ಹಾಕುವವನು ವೀರಭದ್ರ. ಹೊರಗಿನಿಂದ ಬಂದವನಿಗೆ ಊರಿನವರು ಕೊಟ್ಟ ಮರ್ಯಾದೆ ಅದು. ಹುಟ್ಟುಹಬ್ಬ ಇದ್ದದ್ದು ಸಭೆಯ ನಂತರದ ಗುರುವಾರ. ಈ ಸಲ ಏಣಿ ಹತ್ತಲು ಬೇರೆಯವರನ್ನು ನೋಡುತ್ತಿದ್ದಾರೆ ಎಂದು ಶಕುಂತಲಾ ಹೇಳಿದಾಗ ನನ್ನ ಬಾಯಿಯಲ್ಲಿದ್ದ ಕಡಲೆಕಾಯಿ ಅಲ್ಲೇ ಉಳಿಯಿತು.

ನೀವು ಪೇಪರಿಗೆ ಬರೆಯುವವರು, ನೀವು ಬಂದು ಕೂತರೆ ಯಾರೂ ಬಾಯಿಗೆ ಬಂದದ್ದು ಮಾತಾಡುವುದಿಲ್ಲ ಎಂದು ಅವಳ ಲೆಕ್ಕ. (ಪಾಪ, ಪೇಪರಿನವರ ಬಗ್ಗೆ ಎಂಥ ನಂಬಿಕೆ!) ನಮ್ಮ ಮನೆಯವರನ್ನೂ ಕರೆದೆ. ಅವರಿಗೆ ತಕ್ಷಣ ಬೆನ್ನುನೋವು ಬಂತು.

ಹೋಗುವ ಮುಂಚೆ ವೀರಭದ್ರನಿಗೆ ಬುದ್ಧಿ ಹೇಳಿ ನೋಡಿದೆ. ಒಂದು ಸಾರಿ ಸಾರಿ ಅಂದುಬಿಡಪ್ಪ, ನಿನ್ನ ಗಂಟೇನು ಹೋಗುತ್ತದೆ ಎಂದೆ. ಮೆಟ್ಟಿಲ ಮೇಲೆ ಕುಳಿತಿದ್ದವನು ತಲೆ ಎತ್ತಲಿಲ್ಲ.

"ಕ್ಷಮಾ ಕೇಳಿದ್ರ ಧಣಿಯನ್ನ ಅಣಕ ಮಾಡೇನಿ ಅಂತ ಒಪ್ಪಿಕೊಂಡಂಗ ಆಗತೈತ್ರಿ ಅಕ್ಕಾರ," ಎಂದ. "ನಾ ಅವ್ರನ್ನ ಅಣಕ ಮಾಡಿಲ್ರಿ. ನನ್ನ ನಾ ಮಾಡ್ಕೊಂಡೇನಿ. ಧಣಿ ಹಂಗ ಆಗಬೇಕಂತ ಹೋಗಿ ಚಪ್ಪಲಿ ಕಳಕೊಳ್ಳಾವ ನಾನ ಅಲ್ರಿ?"

ನಾನು ಚಪ್ಪಲಿ ಮೆಟ್ಟಿಕೊಂಡು ಸಭೆಗೆ ಹೊರಟೆ.

ಸಭೆ ನಡೆದದ್ದು ಇಮ್ತಿಯಾಜ್ ಭಾಯಿಯ ಸೀಟ್ ಕವರ್ ಅಂಗಡಿಯಲ್ಲಿ. ಅವರು ಸಂಘದ ಉಪಾಧ್ಯಕ್ಷರು, ಆಟೋಗಳಿಗೆ ಕುಷನ್ ಹೊಲಿಯುತ್ತಾರೆ. ರಿಪೇರಿಗೆ ಬಂದ ಸೀಟುಗಳನ್ನೇ ನೆಲದ ಮೇಲೆ ಸಾಲಾಗಿ ಇಟ್ಟು ಎಲ್ಲರನ್ನೂ ಕೂರಿಸಿದ್ದರು. ಸುತ್ತಲೂ ಸ್ಪಂಜಿನ ಚೂರು, ರೆಕ್ಸಿನ್ ವಾಸನೆ. ಗೋಡೆಯ ಮೇಲೆ ಧಣಿಯ ಫೋಟೋ, ಅದರ ಪಕ್ಕ ಟಿವಿ. ವೀರಭದ್ರ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಯಾರೂ ಅವನಿಗೆ ಕೂರು ಎನ್ನಲಿಲ್ಲ. ಅದರಿಂದ ನನಗೆ ತುಂಬಾ ನೋವಾಯಿತು.

ಗಂಗಾಧರಪ್ಪ ನಿವೃತ್ತ ಬಸ್ ಕಂಡಕ್ಟರ್. ಅಟ್ಟೂರು ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವರು. ಎದ್ದು ನಿಂತು ಧಣಿಯ ಫೋಟೋಗೆ ಕೈ ಮುಗಿದು, ನೇರ ನನಗೇ ಹೇಳಿದರು.

"ಇವ್ನು ಇಂಗ್ ಮಾಡ್ಬಾರ್ದಾಗಿತ್ತು ಕಣಮ್ಮ. ಬೇರೆ ಯಾರಾದ್ರೂ ಮಾಡಿದ್ರೆ ಓಗ್ಲಿ ಅಂತ ಬಿಟ್ಬುಡ್ತಿದ್ದೆ. ಇವ್ನು ನಮ್ಮೋನು."

ನಾನು ಜಗಳ ನೋಡಲು ಹೋಗಿದ್ದೆ, ಇಲ್ಲಿ ನೋಡಿದರೆ ಮನೆಮಂದಿಯ ಮುನಿಸು.

ಒಬ್ಬೊಬ್ಬರೇ ಅಭಿಪ್ರಾಯ ಮಂಡಿಸತೊಡಗಿದರು. ಗ್ರೂಪಿನಲ್ಲಿ ಬಂದದ್ದೇ, ಈಗ ದನಿಯ ಸಮೇತ. ಸಾಕಷ್ಟು ಹೊತ್ತು ಕೇಳಿದ ಇಮ್ತಿಯಾಜ್ ಭಾಯ್ ಸೂಜಿ ಕೆಳಗಿಟ್ಟು, ಎಪಿಸೋಡ್ ಪೂರಾ ಯಾರ್ ಯಾರ್ ನೋಡಿದ್ದೀರಾ, ಸ್ವಲ್ಪ ಕೈ ಎತ್ತಿ ಎಂದರು.

ಒಂದು ಕೈಯೂ ಏಳಲಿಲ್ಲ. ನನ್ನದೂ ಸೇರಿ. ಎಲ್ಲರೂ ನೋಡಿದ್ದು ಪ್ರೋಮೋ, ಅದೂ ಚಪ್ಪಲಿ ಕಳುವಾಗುವ ತುಂಡು ಮಾತ್ರ. ನೋಡಿದರೆ ಅವಮಾನ ಸಹಿಸಿಕೊಂಡ ಹಾಗೆ ಎಂದು ನೋಡಿರಲಿಲ್ಲವಂತೆ. ಅಂದರೆ ಅಷ್ಟೂ ದಿನ ಅರ್ಧ ನಿಮಿಷದ ಮೇಲೆ ಅಷ್ಟೊಂದು ಅಭಿಪ್ರಾಯ! ಸುಮ್ಮನೆ ಅವರನ್ನೇಕೆ ಅನ್ನಲಿ? ನಾವು ಓದದ ಪುಸ್ತಕ, ಉಣ್ಣದ ಹೋಟೆಲು, ಕಾಣದ ಸೊಸೆ, ಯಾವುದರ ಮೇಲೆ ನಮಗೆ ಅಭಿಪ್ರಾಯವಿಲ್ಲ ಹೇಳಿ.

ನೋಡಿಯೇ ಶಿಕ್ಷೆ ಕೊಡೋಣ ಎಂದು ತೀರ್ಮಾನವಾಯಿತು. ಇಮ್ತಿಯಾಜ್ ಭಾಯ್ ಫೋನಿನಿಂದ ಟಿವಿಗೆ ಹಾಕಿದರು. ಕುದುರೆ ಬದಲು ಡಿಲಿವರಿ ಸ್ಕೂಟರು ಬಂತು. ಯಾರೂ ನಗಲಿಲ್ಲ. ಗುಹೆ ಬದಲು ಅಂಡರ್‌ಪಾಸು ಬಂತು. ಯಾರೂ ನಗಲಿಲ್ಲ. ಗಂಗಾಧರಪ್ಪ ತೊಡೆಯ ಮೇಲೆ ಕೈಯೂರಿ ನ್ಯಾಯಾಧೀಶರಂತೆ ಕುಳಿತಿದ್ದರು.

ಆಮೇಲೆ ಸ್ಕೈವಾಕ್ ಬಂತು.

ಷೋದವರು ಹಳೆಯ ಚಿತ್ರದ ಸಂಗೀತದ ಹಾಗೆಯೇ ಕೀಬೋರ್ಡಿನಲ್ಲಿ ಬಾರಿಸಿದ್ದರು. ಟಿವಿಯಲ್ಲಿ ವೀರಭದ್ರ ನಿಂತ. ತಿರುಗಿ ನೋಡಲಿಲ್ಲ. ಎಡಗಾಲಿನ ಚಪ್ಪಲಿ ಬಿಟ್ಟ, ಆಮೇಲೆ ಬಲಗಾಲಿನದು. ಎರಡನ್ನೂ ಜೋಡಿಸಿಟ್ಟು, ಬಗ್ಗಿ ನೆಲ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡ. ಅಲ್ಲಿ ಒಂದಿಷ್ಟೂ ತಮಾಷೆ ಇರಲಿಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಧಣಿ ಮಾಡಿದ ಹಾಗೆಯೇ ಮಾಡಿದ.

ಅಂಗಡಿಯಲ್ಲಿ ಸರಸರ ಸದ್ದಾಯಿತು. ಏನೆಂದು ಕೆಳಗೆ ನೋಡಿದೆ.

ಎಲ್ಲರ ಕಾಲೂ ಬರಿಗಾಲು. ಮೈನಸ್ ಐದು ಸ್ಟಾರಿನವರದು, ಪಾದಕ್ಕೆ ಅವಮಾನ ಎಂದವರದು, ಇಮ್ತಿಯಾಜ್ ಭಾಯಿಯದು. ಗಂಗಾಧರಪ್ಪನವರ ಹಳೆಯ ಸ್ಯಾಂಡಲ್ ಅವರ ಮುಂದೆ ಜೋಡಿಯಾಗಿ ಕುಳಿತಿತ್ತು. ನಾನು ಯಾರ ಅಭಿಮಾನಿಯೂ ಅಲ್ಲ ಎಂದೆನಲ್ಲ? ನನ್ನವೂ ಕಾಲಿನಲ್ಲಿರಲಿಲ್ಲ. ಯಾವಾಗ ಬಿಟ್ಟೆನೋ, ದೇವರಾಣೆಗೂ ಗೊತ್ತಿಲ್ಲ.

ವೀರಭದ್ರ ಬಾಗಿಲ ಬಳಿ ಅಳುತ್ತಿದ್ದ. ಟಿವಿಯ ವೀರಭದ್ರ ಮಿಕ್ಸಿ ಡಬ್ಬ ಹೊತ್ತು ಸೇತುವೆ ದಾಟಿ, ಬಸ್ ತಪ್ಪಿಸಿಕೊಂಡು, ವಾಪಸ್ ಬಂದು ಚಪ್ಪಲಿ ಇದ್ದ ಖಾಲಿ ಜಾಗ ನೋಡುತ್ತಾ ನಿಂತ. ಯಾರೋ ಕಿಸಕ್ಕೆಂದರು. ನೋಡಿದರೆ ಗಂಗಾಧರಪ್ಪ. ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಆದರೆ ಹೊಟ್ಟೆ ಕುಣಿಯುತ್ತಿತ್ತು. ಅಧ್ಯಕ್ಷರೇ ನಕ್ಕ ಮೇಲೆ ಸದಸ್ಯರದೇನು? ಅಂಗಡಿ ಹಾರಿಹೋಗುವ ಹಾಗೆ ನಕ್ಕರು.

ತೀರ್ಪು ಏನಾಯಿತು ಎನ್ನುತ್ತೀರಾ? ಏನೂ ಆಗಲಿಲ್ಲ. ಕ್ಷಮೆಯ ಮಾತೇ ಯಾರೂ ಎತ್ತಲಿಲ್ಲ. ಎಲ್ಲರೂ ಸ್ಪಂಜಿನ ಚೂರಿನ ನಡುವೆ ಚಪ್ಪಲಿ ಹುಡುಕುವುದರಲ್ಲಿ ಮುಳುಗಿದ್ದರು. ಗಂಗಾಧರಪ್ಪ ಮಾತ್ರ ಹೊರಡುವಾಗ ವೀರಭದ್ರನ ಮುಖ ನೋಡದೆ, ಗುರುವಾರ ಬೇಗ ಬಾ, ಊವಿನ ಆರ ನೆನೆಸಿ ಮಡಗಿರ್ತೀನಿ ಎಂದು ಗೊಣಗಿ ಹೋದರು. ಗ್ರೂಪಿನಲ್ಲಿ ಅಂದು ಸಂಜೆ ಅಭಿಪ್ರಾಯ ನಿಂತು ಚಪ್ಪಲಿಯ ಫೋಟೋಗಳು ಬರಲು ಶುರುವಾದವು. ನನ್ನದರ ಫೋಟೋ ಇನ್ನೂ ಬಂದಿಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ನಾನೂ ಆಟೋ ಸ್ಟ್ಯಾಂಡಿಗೆ ಹೋದೆ. (ಹಾಲು ತರಲು. ನಂಬಿ.) ವೀರಭದ್ರ ಬರಿಗಾಲಿನಲ್ಲಿ ಏಣಿಯ ತುದಿಯಲ್ಲಿದ್ದ, ಕೈಯಲ್ಲಿ ಆಳೆತ್ತರದ ಸೇವಂತಿಗೆ ಹಾರ. ಕೆಳಗೆ ಗಂಗಾಧರಪ್ಪ ಒಂದು ಕೈಯಲ್ಲಿ ಏಣಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ವೀರಭದ್ರನ ಚಪ್ಪಲಿ ಇತ್ತು.

ಅಯ್ಯೋ, ನೀವು ಯಾಕೆ ಹಿಡಿದುಕೊಂಡಿದ್ದೀರಿ, ಕೆಳಗಿಡಿ ಎಂದೆ.

"ಮಡಗಿದ್ರೆ ಯಾವನಾದ್ರೂ ಎತ್ಕೊಂಡೋಯ್ತಾನೆ ಕಣಮ್ಮ. ಎಪಿಸೋಡ್ ನೋಡ್ಲಿಲ್ವಾ ನೀನು?"

ಈಗ ನೀವೇ ಹೇಳಿ, ಕೊನೆಗೆ ಕ್ಷಮೆ ಕೇಳಿದ್ದು ಯಾರು?