ಅತ್ತೆ ಕುಡಿದ ನೀರು

ನಿನ್ನೆ ಮಧ್ಯಾಹ್ನ ನನ್ನ ಹೆಂಡತಿ ಮಾವಿನಕಾಯಿ ಹೆಚ್ಚಿ, ಉಪ್ಪು ಕಲಸಿ ಭರಣಿಗೆ ತುಂಬಿದ್ದಳು. ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದರೆ ಹೋಳುಗಳೆಲ್ಲ ನೀರಲ್ಲಿ ಮುಳುಗಿವೆ! ಯಾರೂ ಹನಿ ನೀರು ಹಾಕಿಲ್ಲ. ನೀವು ನಗಬಹುದು, ಉಪ್ಪಿನಕಾಯಿ ಹಾಕುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ನನಗೆ ಮಾತ್ರ ಸೋದರತ್ತೆ ನೆನಪಾದಳು.

ಶಾಲೆಯಲ್ಲಿ ಇದನ್ನೇ ಅಭಿಸರಣೆ ಎಂದು ಕಲಿಸಿದ್ದರು. ಬಾಣದ ಗುರುತು ಹಾಕಿ ಚಿತ್ರ ಬರೆದು ಪೂರ್ತಿ ಅಂಕ ಗಿಟ್ಟಿಸಿದ್ದೆ. ಜೀವಕೋಶಕ್ಕೊಂದು ತೆಳು ಪೊರೆ. ಅದು ನೀರನ್ನು ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಉಪ್ಪು ಹೆಚ್ಚಿರುವ ಕಡೆಗೆ ನೀರು ಸರಿಯುತ್ತದೆ. ಹೊರಗೆ ಉಪ್ಪಿದ್ದರೆ ಹೋಳು ಬಾಡುತ್ತದೆ, ಹೊರಗೆ ಬರೀ ನೀರಿದ್ದರೆ ಕೋಶ ಉಬ್ಬುತ್ತದೆ. ಆ ಬಾಣ ನಮ್ಮ ಅತ್ತೆಯ ತಲೆಯೊಳಗೂ ತಿರುಗಬಹುದೆಂದು ಯಾರೂ ಹೇಳಿರಲಿಲ್ಲ.

ನನ್ನ ಸೋದರತ್ತೆ ಇರುವುದು ಶಹಾಬಾದಿನಲ್ಲಿ. ಮನೆಯ ನೆಲ, ಗೋಡೆ, ಮಾಳಿಗೆ ಎಲ್ಲ ಅಲ್ಲಿನ ಕಲ್ಲೇ. ಬೇಸಿಗೆಯಲ್ಲಿ ಸಂಜೆಯಾದರೂ ಕಾವು ಆರುವುದಿಲ್ಲ. ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ತಲೆನೋವೆಂದರೆ ನೀರು, ಅಳು ಬಂದರೆ ನೀರು, ಜಗಳಕ್ಕೆ ಬಂದವನಿಗೂ ಮೊದಲು ನೀರೇ. ಪಕ್ಕದ ಮನೆಯ ಫಾತಿಮಾಬಿ, ಅತ್ತೆ ಮದುವೆಯಾಗಿ ಬಂದಾಗಿನಿಂದ ಅವಳ ಗೆಳತಿ. ಆಕೆಯ ಮಣ್ಣಿನ ಕೊಡದ ನೀರಿಲ್ಲದೆ ಅತ್ತೆಗೆ ಬೇಸಿಗೆ ಕಳೆಯದು.

ಹೋದ ವರ್ಷ ಅತ್ತೆಗೆ ಬಿಪಿ ಎಂದು ಉಪ್ಪು ಕಡಿಮೆ ಮಾಡಲು ಹೇಳಿದ್ದರು. ಅತ್ತೆ ಯಾವುದನ್ನೂ ಅರ್ಧಕ್ಕೆ ಮಾಡುವವಳಲ್ಲ, ಪೂರಾ ಬಿಟ್ಟಳು. ಬೆವರು ಸುರಿದಷ್ಟೂ ಬರೀ ನೀರು ಕುಡಿದಳು. ನಾನು ಹೋದ ದಿನ ಗೋಡೆಗೊರಗಿ ಏನೇನೋ ಬಡಬಡಿಸುತ್ತಿದ್ದಳು. ನನ್ನ ಗುರುತೇ ಹತ್ತಲಿಲ್ಲ.

“ಝಳ ಬಡದದ ನೋಡ್ರಿ, ನೀರ್ ಕುಡಸ್ರಿ,” ಎಂದು ಫಾತಿಮಾಬಿ ಕೊಡವನ್ನೇ ತಂದಳು. ನಾನು ತಲೆ ಹಿಡಿದೆ, ಅವಳು ಲೋಟದ ಮೇಲೆ ಲೋಟ ಕುಡಿಸಿದಳು. ಕುಡಿಸಿದಷ್ಟೂ ಅತ್ತೆ ಮಂಕಾದಳು. ಕೊನೆಗೆ ಕೈಕಾಲು ಸೆಟೆದು ಅದುರತೊಡಗಿದವು.

ಆಸ್ಪತ್ರೆಯಲ್ಲೂ ಫಾತಿಮಾಬಿ ಲೋಟ ಬಿಟ್ಟಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಓಡಿಬಂದು ಅದನ್ನು ಕಿತ್ತುಕೊಂಡರು.

“ಏನ್ ಮಾಡ್ಲಿಕತ್ತೀರಿ? ನೀರ್ ಬಂದ್ ಮಾಡ್ರಿ! ರಕ್ತದಾಗ ಉಪ್ಪು ಭಾಳ ಕಮ್ಮಿ ಆಗ್ಯದ. ಕುಡಸಿದ ನೀರು ಮಿದುಳಿನ ಒಳಗ ಇಳೀಲಿಕತ್ತದ. ಬುರುಡಿ ಗಟ್ಟಿ ಅದ, ಒಳಗ ಉಬ್ಬಿದ್ರ ಜಾಗಾ ಎಲ್ಲದ?”

ನಾನು ಬೆಚ್ಚಿಬಿದ್ದೆ. ವಿಷವಲ್ಲ, ಹಾವಲ್ಲ, ನೀರು! ನೀರು ಕೊಲ್ಲುವುದು ಬಾವಿಗೆ ಬಿದ್ದವರನ್ನು ಮಾತ್ರ ಎಂದುಕೊಂಡಿದ್ದವನು ನಾನು. ಫಾತಿಮಾಬಿ, “ಯಾ ಅಲ್ಲಾ, ನನ್ನ ಕೈಲೇ” ಎಂದಷ್ಟೇ ಅಂದಳು.

ಉಪ್ಪಿನ ನೀರಿನ ಸಲೈನನ್ನು ನಿಧಾನವಾಗಿ ಏರಿಸಿದರು. ಅವಸರ ಮಾಡಿದರೆ ಅದೂ ಅಪಾಯವಂತೆ. ಎಚ್ಚರಾದ ಅತ್ತೆ ಕೇಳಿದ್ದೇ ನೀರು. ಡಾಕ್ಟರಮ್ಮ ಹೇಳಿದ್ದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಇಲ್ಲವೆಂದೆ. “ಹಾಳಾಗಿ ಹೋಗು” ಎಂದಳು. ಬೈಯುವಷ್ಟು ಚೇತರಿಸಿಕೊಂಡಳಲ್ಲ ಎಂದು ನನಗೆ ಕಣ್ಣು ತುಂಬಿತು.

ಅತ್ತೆ ಮನೆಗೆ ಬಂದಳು, ಫಾತಿಮಾಬಿ ಬರುವುದು ನಿಂತಿತು. ಅಂಗಳದಲ್ಲಿ ಕಂಡರೂ ಸೆರಗೆಳೆದುಕೊಂಡು ಒಳಗೆ ಹೋಗುತ್ತಿದ್ದಳು. ಅತ್ತೆಯದು ಮಾತ್ರ ಕಂಡವರೆದುರು ಒಂದೇ ಮಾತು: “ಇವ ನೀರ್ ಕೊಡ್ಲಿಲ್ಲ. ಬೀಬಿ ಕೊಟ್ಟ ನೀರ್ ಕುಡದು ಬದಕೀನಿ.” ನಿಜ ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಇವತ್ತು ಭರಣಿ ಮುಚ್ಚಿದ ಮೇಲೆ ಮನಸ್ಸು ನಿಲ್ಲದೆ ನಮ್ಮೂರು ವಾಡಿಯಿಂದ ಶಹಾಬಾದಿಗೆ ಹೋದೆ. ಒಲ್ಲೆನೆಂದರೂ ಫಾತಿಮಾಬಿಯನ್ನು ಅತ್ತೆಯ ಮುಂದೆ ಕರೆತಂದು ಕೂಡಿಸಿದೆ. ಅತ್ತೆ ಮತ್ತದೇ ಮಾತು ತೆಗೆದಳು.

“ಹಂಗ ಅನಬ್ಯಾಡ ಅಕ್ಕಾ,” ಫಾತಿಮಾಬಿ ಬಿಕ್ಕಿದಳು. “ನನ್ನ ನೀರೇ ನಿನ್ನ ಜೀವ ತಗೀತಿತ್ತು.”

“ಗೊತ್ತದ. ಡಾಕ್ಟರಮ್ಮ ಆಗಲೇ ನನಗ ಹೇಳ್ಯಾಳ.”

ನಾನು ದಂಗಾದೆ. ಒಂದು ವರ್ಷ ಅತ್ತೆಯಿಂದ ಮುಚ್ಚಿಟ್ಟೆವೆಂದು ನಾವು ಬೀಗಿದ್ದೇ ಬಂತು!

“ಮತ್ತ ಊರ ತುಂಬ ಹಂಗ್ಯಾಕ ಹೇಳ್ದಿ?” ಫಾತಿಮಾಬಿ ಕೇಳಿದಳು.

“ಮಂದಿ ನಿನಗ ಏನರೆ ಅಂದಾರಂತ. ನೀನೇ ತಲಿಗಿ ಹಚ್ಕೊಂಡು ಒಳಗ ಕುಂತ್ರ ನಾ ಏನ್ ಮಾಡ್ಲಿ? ಹೋಗು, ನೀರ್ ತಗೊಂಡ್ ಬಾ.”

ಫಾತಿಮಾಬಿ ಹೋಗಿ ಅರ್ಧ ಲೋಟ ತಂದಳು. ಪೂರಾ ತಾ ಎಂದು ಅತ್ತೆ ಗದರಿದರೂ ಕೇಳಲಿಲ್ಲ. ಅತ್ತೆ ಕುಡಿದು ಮುಗಿಸುವತನಕ ಅವಳ ಮುಂಗೈ ಹಿಡಿದುಕೊಂಡೇ ಕೂತಿದ್ದಳು.